ಹಿಕರಿಯ ಕಾವು

“ಕೊಡಲಿಯ ಕಾವು ಕುಲಕ್ಕೆ ಸಾವು” ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ಉಪಾಧ್ಯಾಯರಾದ ನಾವು ಕಾವಿನ ದ್ರೋಹವನ್ನೂ ಕಾಡಿನ ದುಃಖವನ್ನೂ ಹೇಳಿ ಮುಂದಿನ ಗಾದೆಗೆ ಹೋಗಿಬಿಡುತ್ತೇವೆ. ಆದರೆ ಈ ದ್ರೋಹಕ್ಕೂ ಒಂದು ಯೋಗ್ಯತೆ ಬೇಕು. ಎಲ್ಲ ಮರವೂ ಕಾವಾಗಲಾರದು. ಪೆಟ್ಟು ಬಿದ್ದಾಗ ಅದು ಮುರಿಯಕೂಡದು, ಬಾಗಿದರೆ ಮರಳಿ ನೆಟ್ಟಗಾಗಬೇಕು, ಕಬ್ಬಿಣಕ್ಕೆ ತಗುಲಿದ ಆಘಾತವನ್ನು ಕೈಗೆ ಮುಟ್ಟಿಸದೆ ತಾನೇ ನುಂಗಿಕೊಳ್ಳಬೇಕು; ಇಷ್ಟಾದ ಮೇಲೂ ಅಂಗೈಗೆ ಬೊಬ್ಬೆ ಬರಿಸಕೂಡದು. ಈ ಗುಣಗಳೆಲ್ಲ ಒಂದೇ ಮರದಲ್ಲಿ ಸೇರುವುದು ಅಪರೂಪ. ನಮ್ಮ ಸೀಮೆಯ ರೈತನು ಜಾಲಿಯನ್ನೋ ದಿಂಡಿಗವನ್ನೋ ಹುಡುಕಿಕೊಂಡು ಹೋಗುವುದು ಈ ಕಾರಣದಿಂದಲೇ. ಅಮೆರಿಕದ ರೈತನು ಇದೇ ಕಾರಣದಿಂದ ಹುಡುಕಿದ ಮರದ ಹೆಸರು ಹಿಕರಿ. ಆ ಮರವು ಕೊಡಲಿಯಿಂದ ಗಾಲ್ಫ್ ಆಟದ ಕೋಲಿಗೆ ಹೇಗೆ ಬಂದಿತು, ಅಲ್ಲಿಂದ ಹೇಗೆ ಹೊರಬಿದ್ದಿತು, ಈಚೆಗೆ ಮತ್ತೆ ಹೇಗೆ ಮರಳುತ್ತಿದೆ ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ. ಕನ್ನಡ ಉಪಾಧ್ಯಾಯನಿಗೆ ಗಾಲ್ಫಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ಮುಂದೆ ತಾನಾಗಿಯೇ ಬರುತ್ತದೆ.

ಹಿಕರಿಯು ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವ ಮರ. ಅಕ್ರೋಟಿನ ಕುಟುಂಬಕ್ಕೆ ಸೇರಿದ್ದು; ಈಗ ಪೇಟೆಯ ಅಂಗಡಿಗಳಲ್ಲಿ ಕಾಣಸಿಗುವ ಪೆಕಾನ್ ಬೀಜವೂ ಇದೇ ಬಳಗದ ಒಂದು ಮರದ ಫಲ. ಗಾಲ್ಫ್ ಆಟವಾದರೋ ಸ್ಕಾಟ್ಲೆಂಡಿನದು. ಸೇಂಟ್ ಆಂಡ್ರೂಸ್, ಮಸಲ್‌ಬರೊ, ಲೀತ್ ಮುಂತಾದ ಊರುಗಳ ಕಡಲತೀರದ ಹುಲ್ಲುಗಾವಲುಗಳಲ್ಲಿ ಅದು ಶತಮಾನಗಳಿಂದ ನಡೆದುಬಂದಿದೆ. ಆಟವನ್ನು ನೋಡದ ವಿದ್ಯಾರ್ಥಿಗಳಿಗಾಗಿ ಒಂದು ಮಾತು: ನಮ್ಮ ಚಿನ್ನಿದಾಂಡಿನಲ್ಲಿ ದೂರ ಹೊಡೆದವನಿಗೆ ಗೆಲವು, ಗಾಲ್ಫಿನಲ್ಲಿ ಕಡಿಮೆ ಬಾರಿ ಹೊಡೆದವನಿಗೆ ಗೆಲವು. ನೂರಾರು ಗಜ ದೂರದ ಒಂದು ಸಣ್ಣ ಕುಳಿಗೆ ಚೆಂಡನ್ನು ಎಷ್ಟು ಕಡಿಮೆ ಪೆಟ್ಟುಗಳಲ್ಲಿ ಸೇರಿಸಬಹುದು ಎಂಬುದಷ್ಟೇ ಲೆಕ್ಕ. ಇಂಥ ಹದಿನೆಂಟು ಕುಳಿಗಳು. ಇಂಗ್ಲೀಷರ ಕಾಲದಲ್ಲಿ ಈ ಆಟ ನಮ್ಮ ದೇಶಕ್ಕೆ ಬೇಗನೆ ಬಂದಿತು. ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರಲ್ಲಿ ಹುಟ್ಟಿದ್ದು. ಬೆಂಗಳೂರಿನದು 1876ರಷ್ಟು ಹಿಂದಿನದು.

ಮೊದಮೊದಲು ಸ್ಕಾಟ್ಲೆಂಡಿನ ಕುಶಲಕರ್ಮಿಗಳು ತಮ್ಮ ನೆಲದ ಆಶ್ ಮತ್ತು ಹೇಝಲ್ ಮರಗಳಿಂದಲೇ ಕೋಲು ಮಾಡುತ್ತಿದ್ದರು. ಹೊಡೆಯುವ ತಲೆಗೆ ಬೀಚ್, ಸೇಬು, ಪೇರು ಮೊದಲಾದ ಮರ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಹಡಗುಗಳಲ್ಲಿ ಹಿಕರಿಯ ದಿಮ್ಮಿಗಳು ಬರತೊಡಗಿದವು. ಒಮ್ಮೆ ಅದನ್ನು ಕೈಯಲ್ಲಿ ಹಿಡಿದ ಕೆಲಸಗಾರನು ಹಳೆಯ ಮರಕ್ಕೆ ಹಿಂದಿರುಗಲಿಲ್ಲ. ಸೇಂಟ್ ಆಂಡ್ರೂಸಿನ ಹ್ಯೂ ಫಿಲ್ಪ್ ಎಂಬಾತನು 1856ರಲ್ಲಿ ತೀರಿಕೊಂಡನು. ಅವನ ಕೋಲುಗಳನ್ನು ಇಂದಿಗೂ ಪಿಟೀಲುಗಳಂತೆ ಕಾಪಾಡುವವರಿದ್ದಾರೆ. ಅವನ ಬಳಿಕ ಅಂಗಡಿಯನ್ನು ನಡೆಸಿದವನು ಸೋದರಳಿಯನಾದ ರಾಬರ್ಟ್ ಫೋರ್ಗನ್.

ಅವರ ಕೆಲಸದ ಕ್ರಮವು ನಮ್ಮ ಬಡಗಿಗೂ ಕಮ್ಮಾರನಿಗೂ ಅಪರಿಚಿತವಾದುದಲ್ಲ. ದಿಮ್ಮಿಯನ್ನು ಎಳೆಯ ಜಾಡಿನಲ್ಲಿಯೇ ಸೀಳಿ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುವುದು ಮೊದಲ ಹೆಜ್ಜೆ. ಗಿಣ್ಣು ಇರಕೂಡದು, ಎಳೆಯು ತುದಿಯಿಂದ ತುದಿಗೆ ಓಡಬೇಕು, ನಡುವೆ ಪಕ್ಕಕ್ಕೆ ಹರಿದುಹೋದರೆ ಕೋಲು ಅಲ್ಲಿಯೇ ಮುರಿಯುತ್ತದೆ. ಒಣಗಿದ ಚೌಕದ ತುಂಡನ್ನು ಕೆತ್ತಿ ಎಂಟು ಮೂಲೆಯಾಗಿ ಮಾಡಿ, ಆ ಎಂಟನ್ನು ಕೀಸಿ ದುಂಡಗೆ ಮಾಡಿ, ಬಳಿಕ ಕೆಳತುದಿಗೆ ಬಂದಂತೆ ಸಣ್ಣದಾಗಿಸಬೇಕು. ಕೊನೆಯ ಕೆಲಸ ಗಾಜಿನ ಚೂರಿನದು, ಉಪ್ಪುಕಾಗದದ್ದು. ಎಲ್ಲಿ ಎಷ್ಟು ಕೆರೆದರೆ ಎಷ್ಟು ಬಾಗುತ್ತದೆ ಎಂಬುದಕ್ಕೆ ಅಳತೆಗೋಲಿಲ್ಲ; ಕೆಲಸಗಾರನು ಆಗಾಗ ಕೋಲನ್ನು ನೆಲಕ್ಕೆ ಒತ್ತಿ ಬಾಗಿಸಿ ನೋಡಿಕೊಂಡು, ಅಂಗೈ ಸಾಕೆಂದಾಗ ನಿಲ್ಲಿಸುತ್ತಿದ್ದನು. ತಲೆಯು ಮರದ್ದಾದರೆ ಅದರ ಕತ್ತನ್ನೂ ಕೋಲಿನ ತುದಿಯನ್ನೂ ಉದ್ದಕ್ಕೆ ಓರೆಯಾಗಿ ಕೊರೆದು, ಒಂದರ ಮೇಲೊಂದನ್ನು ಸರೇಸಿನಿಂದ ಅಂಟಿಸಿ, ರಾಳ ಸವರಿದ ದಾರವನ್ನು ಒತ್ತೊತ್ತಾಗಿ ಸುತ್ತುತ್ತಿದ್ದರು. ತಲೆಯ ಹಿಂಭಾಗವನ್ನು ಕೊರೆದು ತೂಕಕ್ಕೆಂದು ಸೀಸವನ್ನು ಹೊಯ್ಯುತ್ತಿದ್ದರು. ನೆಲಕ್ಕೆ ಉಜ್ಜುವ ಅಂಚಿಗೆ ಟಗರಿನ ಕೊಂಬಿನ ಪಟ್ಟಿ. ತಲೆಯು ಕಬ್ಬಿಣದ್ದಾದರೆ ಕಮ್ಮಾರನು ಬಡಿದು ಕೊಟ್ಟ ಕೊಳವೆಯಲ್ಲಿ ಕೋಲಿನ ತುದಿಯನ್ನು ಬಿಗಿಯಾಗಿ ಕೂರಿಸಿ, ಅಡ್ಡಲಾಗಿ ಒಂದು ಮೊಳೆಯನ್ನು ದಾಟಿಸಿ, ಎರಡೂ ಕಡೆ ಬಡಿದು ಚಪ್ಪಟೆ ಮಾಡುತ್ತಿದ್ದರು. ಹಿಡಿಗೆ ಬಟ್ಟೆಯ ಮೆತ್ತೆ ಸುತ್ತಿ ಅದರ ಮೇಲೆ ತೊಗಲಿನ ಪಟ್ಟಿ. ಎಲ್ಲಕ್ಕೂ ಕಡೆಯಲ್ಲಿ ಅಗಸೆ ಎಣ್ಣೆಯ ಅಭ್ಯಂಜನ.

ಈ ಕೋಲುಗಳಿಗೆ ಅಂಕಿಗಳಿರಲಿಲ್ಲ, ಹೆಸರುಗಳಿದ್ದವು. ತಳಕ್ಕೆ ಹಿತ್ತಾಳೆ ಬಡಿದದ್ದು ಬ್ರಾಸಿ, ದೂರ ಹೊಡೆಯುವ ಕಬ್ಬಿಣ ಕ್ಲೀಕ್, ನಡು ದೂರಕ್ಕೆ ಮ್ಯಾಶಿ, ಮರಳಿನಲ್ಲಿಯೋ ಗಾಡಿಯ ಜಾಡಿನಲ್ಲಿಯೋ ಸಿಕ್ಕಿಬಿದ್ದ ಚೆಂಡನ್ನು ಎತ್ತುವುದು ನಿಬ್ಲಿಕ್. ಊರಿನ ಕರುಗಳಿಗೆ ಹೆಸರಿಟ್ಟು ಕರೆಯುವ ಹಾಗೆ. ಕಬ್ಬಿಣ ಬಡಿದ ಕಮ್ಮಾರನು ತನ್ನದೊಂದು ಗುರುತನ್ನು ಹಿಂಬದಿಯಲ್ಲಿ ಒತ್ತುತ್ತಿದ್ದನು. ಸೇಂಟ್ ಆಂಡ್ರೂಸಿನ ಟಾಮ್ ಸ್ಟುವರ್ಟನ ಗುರುತು ಹೊಗೆಸೊಪ್ಪಿನ ಚಿಲುಮೆ. ಆದರೆ ಕಾವನ್ನು ಕೆತ್ತಿದವನ ಗುರುತು ಬಹುಮಟ್ಟಿಗೆ ಎಲ್ಲಿಯೂ ಇರುವುದಿಲ್ಲ. ಕಬ್ಬಿಣಕ್ಕೆ ಹೆಸರು, ಮರಕ್ಕೆ ಬರಿಯ ಹೊಣೆ.

ಒಂದು ವಸ್ತು ಬದಲಾದರೆ ಅದರ ಸುತ್ತಲಿನ ಬಾಳು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಈ ಆಟದಲ್ಲಿ ಒಳ್ಳೆಯ ನಿದರ್ಶನಗಳಿವೆ. ಹಿಂದೆ ಚೆಂಡು ಎಂದರೆ ತೊಗಲಿನ ಚೀಲದಲ್ಲಿ ಹಕ್ಕಿಯ ಗರಿಗಳನ್ನು ಗಿಡಿದು ಹೊಲಿದದ್ದು. ನುರಿತವನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾರನು. 1848ರ ಹೊತ್ತಿಗೆ ಮಲಯದ ಕಾಡಿನ ಮರವೊಂದರ ಹಾಲಿನಿಂದ ಮಾಡಿದ ಗಟಾಪರ್ಚದ ಚೆಂಡು ಬಂದಿತು. ಅಗ್ಗ, ದುಂಡು, ಬೇಕಾದರೆ ಬಿಸಿನೀರಿನಲ್ಲಿ ಹಾಕಿ ಮತ್ತೆ ರೂಪಿಸಬಹುದು. ಗರಿಯ ಚೆಂಡಿನ ಹೆಸರಾಂತ ಕರ್ಮಿಯಾದ ಅಲನ್ ರಾಬರ್ಟ್‌ಸನ್ನನಿಗೂ ಅವನ ಬಳಿ ಕೆಲಸ ಕಲಿತ ಟಾಮ್ ಮಾರಿಸನಿಗೂ ಈ ಹೊಸ ಚೆಂಡಿನ ಕಾರಣದಿಂದಲೇ ಮನಸ್ತಾಪ ಬಂದು, ಮಾರಿಸನು 1851ರಲ್ಲಿ ಪ್ರೆಸ್ಟ್‌ವಿಕ್ ಎಂಬ ಊರಿಗೆ ಹೋದನು. ಗುರುವಿನ ಕೈಗೆಲಸವನ್ನು ಉಳಿಸುವುದೋ ಕಾಲದೊಡನೆ ನಡೆಯುವುದೋ ಎಂಬ ಪ್ರಶ್ನೆ ಒಂದು ಅಂಗೈಯಗಲದ ಚೆಂಡಿನಲ್ಲಿ ಅಡಗಿತ್ತು. ಮಾರಿಸನು ಮುಂದೆ ದೊಡ್ಡ ಆಟಗಾರನಾದನು. 1861 ಮತ್ತು 1867ರ ನಡುವೆ ನಾಲ್ಕು ಸಲ ಓಪನ್ ಪಂದ್ಯವನ್ನು ಗೆದ್ದನು.

ಹಿಕರಿಗೂ ಇದೇ ಗತಿ ಕಾದಿತ್ತು. ಗಾಲ್ಫ್ ಅಮೆರಿಕದಲ್ಲಿ ಹಬ್ಬಿದಂತೆಲ್ಲ ಕೋಲಿಗೆ ಬೇಡಿಕೆ ಹೆಚ್ಚಿತು, ಗಿಣ್ಣಿಲ್ಲದ ಒಳ್ಳೆಯ ಮರ ವಿರಳವಾಯಿತು. ಉಕ್ಕಿನ ಕೊಳವೆಗೆ ಅಮೆರಿಕದ ಗಾಲ್ಫ್ ಸಂಘವು 1924ರಲ್ಲಿಯೂ ಸೇಂಟ್ ಆಂಡ್ರೂಸಿನ ಸಂಸ್ಥೆಯು 1929ರಲ್ಲಿಯೂ ಸಮ್ಮತಿ ಕೊಟ್ಟವು. ಮರುವರ್ಷವೇ, 1930ರಲ್ಲಿ, ಬಾಬಿ ಜೋನ್ಸ್ ಎಂಬ ಅಮೆರಿಕದ ಹವ್ಯಾಸಿ ಆಟಗಾರನು ಆ ಕಾಲದ ನಾಲ್ಕು ಮಹಾಪಂದ್ಯಗಳನ್ನು ಒಂದೇ ಋತುವಿನಲ್ಲಿ ಗೆದ್ದುದು ಹಿಕರಿಯ ಕೋಲುಗಳಿಂದ. ಅವನು ತನ್ನ ಕೋಲುಗಳನ್ನು ಕೈಯ ಅಂದಾಜಿನಿಂದಲೇ ಆರಿಸಿಕೊಂಡಿದ್ದನು. ಅನೇಕ ವರ್ಷಗಳ ಮೇಲೆ ಅವುಗಳನ್ನು ಯಂತ್ರಕ್ಕೆ ಹಚ್ಚಿ ನೋಡಿದಾಗ ಒಂದನ್ನುಳಿದು ಎಲ್ಲವೂ ಸರಿಹೊಂದಿದ್ದುವೆಂದೂ, ಹೊಂದದ ಆ ಒಂದು ಕೋಲಿನಿಂದ ತನಗೆ ಯಾವಾಗಲೂ ತೊಂದರೆಯಿತ್ತೆಂದು ಅವನೇ ಹೇಳಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. 1931ರಲ್ಲಿ ಅಮೆರಿಕದ ಓಪನ್ ಪಂದ್ಯವು ಉಕ್ಕಿನ ಕೋಲಿಗೆ ಸಂದಿತು. 1936ರಲ್ಲಿ ಜಾನಿ ಫಿಷರ್ ಎಂಬಾತನು ಅಮೆರಿಕದ ಹವ್ಯಾಸಿಗಳ ಪಂದ್ಯವನ್ನು ಹಿಕರಿಯಿಂದ ಗೆದ್ದನು. ಅಲ್ಲಿಗೆ ಆ ಮರದ ದೊರೆತನ ಮುಗಿಯಿತು. ಉಕ್ಕಿನೊಡನೆ ಹೆಸರುಗಳು ಹೋಗಿ ಅಂಕಿಗಳು ಬಂದುವು. ಒಬ್ಬೊಬ್ಬ ಆಟಗಾರನು ಇಪ್ಪತ್ತಕ್ಕೂ ಮೀರಿ ಕೋಲುಗಳನ್ನು ಚೀಲಕ್ಕೆ ತುಂಬತೊಡಗಿದನು. 1938ರಲ್ಲಿ ಅಮೆರಿಕದಲ್ಲಿಯೂ ಮರುವರ್ಷ ಬ್ರಿಟನ್ನಿನಲ್ಲಿಯೂ ಹದಿನಾಲ್ಕೇ ಕೋಲು ಎಂಬ ಕಟ್ಟಳೆ ಬರಬೇಕಾಯಿತು.

ಆ ಚೀಲವನ್ನು ಹೊರುವವನು ಆಟಗಾರನಲ್ಲ, ಕೋಲು ಹೊರುವ ಹುಡುಗ. ನನ್ನ ತಂದೆ ಅಂಥ ಹುಡುಗರಲ್ಲಿ ಒಬ್ಬರು.

ನಮ್ಮ ತಾತ ತಾಳವಾಡಿಯ ಕಡೆಯಿಂದ ನೀಲಗಿರಿಗೆ ಕೂಲಿಗಾಗಿ ಹತ್ತಿಹೋದವರು. 1940ರ ದಶಕದ ಆ ದಿನಗಳಲ್ಲಿ ಹನ್ನೊಂದು ಹನ್ನೆರಡರ ಪ್ರಾಯದ ಅಪ್ಪ, ಬೆಟ್ಟದ ಮೇಲಿನ ಒಂದು ಗಾಲ್ಫ್ ಬಯಲಿನಲ್ಲಿ ದೊರೆಗಳ ಚೀಲ ಹೊತ್ತರು. ಸ್ಕಾಟ್ಲೆಂಡಿನ ಗಾಲ್ಫ್ ಬಯಲುಗಳ ಅಂಚಿನಲ್ಲಿ ಹಳದಿ ಹೂ ಬಿಡುವ ಗಾರ್ಸ್ ಎಂಬ ಮುಳ್ಳುಗಿಡವಿದೆ. ಯೂರೋಪಿನಿಂದ ಬಂದ ಅದೇ ಗಿಡ ನೀಲಗಿರಿಯಲ್ಲಿಯೂ ಹಬ್ಬಿಕೊಂಡಿದೆ. ಅದರೊಳಗೆ ಚೆಂಡು ಬಿದ್ದರೆ ಕೈ ಹಾಕುವವರು ಹುಡುಗರೇ. ಅಪ್ಪನ ಮುಂಗೈಯಲ್ಲಿ ಆ ಮುಳ್ಳಿನ ಸಣ್ಣ ಗೀರುಗಳ ಗುರುತು ಮುಪ್ಪಿನವರೆಗೂ ಇತ್ತು. ಯಾವ ಕುಳಿಗೆ ಯಾವ ಕೋಲು, ಗಾಳಿ ಎತ್ತ, ಹುಲ್ಲು ಎಷ್ಟು ಒದ್ದೆ ಎಂಬುದೆಲ್ಲ ಹೊಡೆಯುವವನಿಗಿಂತ ಹೊರುವವನಿಗೇ ಚೆನ್ನಾಗಿ ತಿಳಿದಿರುತ್ತಿತ್ತು. ಆದರೆ ಆಡುವ ಹಾಗಿಲ್ಲ. “ಆ ಹುಲ್ಲಿನ ಮೇಲೆ ನಮ್ಮ ಕಾಲಿಗೆ ಅಪ್ಪಣೆ ಇತ್ತು ಮಗ, ಕೈಗೆ ಇರಲಿಲ್ಲ” ಎಂದು ಅಪ್ಪ ಹೇಳುತ್ತಿದ್ದರು. ಸಂಜೆ ದೊರೆಗಳು ಹೋದ ಮೇಲೆ ಹುಡುಗರು ತುದಿ ಬಾಗಿದ ಕೊಂಬೆಗಳನ್ನು ಕಡಿದುಕೊಂಡು, ಪೊದೆಯಲ್ಲಿ ಸಿಕ್ಕಿದ ಚೆಂಡುಗಳನ್ನು ಹಳ್ಳದ ಆಚೆ ಹೊಡೆದು ಆಡುತ್ತಿದ್ದರಂತೆ. ಈ ಆಟವು ಮೊದಲು ಹುಟ್ಟಿದಾಗಲೂ ಹೀಗೆಯೇ ಇದ್ದೀತು ಎಂದು ನನಗೆ ಅನ್ನಿಸುವುದುಂಟು.

1947ರಲ್ಲಿ ಊರಿಗೆ ಹೊರಟುನಿಂತ ಒಬ್ಬ ದೊರೆ, ತನ್ನ ಉಕ್ಕಿನ ಕೋಲುಗಳನ್ನು ಪೆಟ್ಟಿಗೆಗೆ ತುಂಬಿ, ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಹಿಕರಿಯ ಮ್ಯಾಶಿಯನ್ನು ಅಪ್ಪನ ಕೈಗೆ ಕೊಟ್ಟನು. ಅದರ ಕಬ್ಬಿಣದ ಬೆನ್ನಿನ ಮೇಲೆ ಚಿಲುಮೆಯ ಗುರುತು ಮಾಸಿಯೂ ಉಳಿದಿದೆ. ಅಪ್ಪ ಅದರಿಂದ ಆಡಿದ್ದನ್ನು ನಾನು ಕಂಡಿಲ್ಲ. ಅವರು ಅದಕ್ಕೆ ವರ್ಷಕ್ಕೊಮ್ಮೆ ಹರಳೆಣ್ಣೆ ತಿಕ್ಕುತ್ತಿದ್ದರು. ಆಯುಧಪೂಜೆಯ ದಿನ ಗುದ್ದಲಿ, ಕುಡುಗೋಲು, ಕೊಡಲಿಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿ ವಿಭೂತಿ ಕುಂಕುಮ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು “ದೊರೆಕೋಲು”. ಕೆಲಸದ ಆಯುಧಗಳ ನಡುವೆ ಆಟದ ಕೋಲಿಗೆ ಏನು ಸ್ಥಾನವೆಂದು ನಾನು ಹುಡುಗನಾಗಿದ್ದಾಗ ಕೇಳಿದ್ದಕ್ಕೆ, “ಅದು ಅವರಿಗೆ ಆಟ, ನನಗೆ ಕೆಲಸ” ಎಂದಿದ್ದರು.

ಅಪ್ಪ 2009ರಲ್ಲಿ ತೀರಿಕೊಂಡರು. ಮುಂದಿನ ಕೆಲವು ಮಳೆಗಾಲಗಳಲ್ಲಿ ಮನೆಯ ಗೋಡೆಗೆ ಗೆದ್ದಲು ಹತ್ತಿ ಕೋಲಿನ ಮರವನ್ನು ಒಳಗೊಳಗೇ ತಿಂದುಹಾಕಿತು. ಕಬ್ಬಿಣ ಉಳಿಯಿತು. ಆಗ ಎರಡು ಸಲಹೆಗಳು ಬಂದುವು. ಕಬ್ಬಿಣವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ತೂಗುಹಾಕು ಎಂಬುದು ಒಂದು. ಸೀಮೆಯಿಂದ ಹಿಕರಿಯ ಕಾವನ್ನೇ ತರಿಸಿ ಹಿಂದಿನಂತೆಯೇ ಮಾಡಿಸು ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಕಬ್ಬಿಣವನ್ನು ತೆಗೆದುಕೊಂಡು ತಾಳವಾಡಿಯ ಕಡೆ, ನೇಗಿಲಿಗೂ ಕೊಡಲಿಗೂ ಕಾವು ಹಾಕುವ ನಮ್ಮ ಪರಿಚಯದ ಆಚಾರ್ರ ಬಳಿಗೆ ಹೋದೆ.

ಅವರು ಗಾಲ್ಫನ್ನು ಕಂಡವರಲ್ಲ. ಕಬ್ಬಿಣವನ್ನು ಮಗುಚಿ ನೋಡಿ, ಕೊಳವೆಯೊಳಗೆ ಕಿರುಬೆರಳು ಹಾಕಿ, “ಮೇಷ್ಟ್ರೇ, ಇದು ಕುಡಿಯುವವರ ಕೈಗೆ ಸಿಕ್ಕಿದ ಕಮ್ಮಾರನ ಕೆಲಸ ಅಲ್ಲ, ಅನ್ನ ತಿಂದವನ ಕೆಲಸ” ಎಂದರು. ಅಟ್ಟದ ಮೇಲಿಂದ ಒಂದು ಹಳೆಯ ಗಾಡಿಯ ಮೂಕಿಯ ತುಂಡನ್ನು ಇಳಿಸಿದರು. ದಿಂಡಿಗ, ಎಷ್ಟೋ ವರ್ಷಗಳಿಂದ ಒಣಗಿ ಲೋಹದಂತೆ ಸದ್ದು ಮಾಡುತ್ತಿತ್ತು. ಎಂಟು ಮೂಲೆ, ಆಮೇಲೆ ದುಂಡು, ಆಮೇಲೆ ಗಾಜಿನ ಚೂರು. ಸೇಂಟ್ ಆಂಡ್ರೂಸಿನ ಕ್ರಮವನ್ನು ನಾನು ಪುಸ್ತಕದಲ್ಲಿ ಓದಿಕೊಂಡು ಹೋಗಿದ್ದೆ. ಹೇಳುವ ಸಂದರ್ಭವೇ ಬರಲಿಲ್ಲ. ಕೋಲಿನಲ್ಲಿ ಒಂದು ಸಣ್ಣ ಡೊಂಕು ಉಳಿದಾಗ ಅವರು ಎಣ್ಣೆ ಸವರಿ ಕೆಂಡದ ಮೇಲೆ ತಿರುಗಿಸಿ, ಮೊಣಕಾಲಿಗೆ ಕೊಟ್ಟು ಒತ್ತಿ ಹಿಡಿದು ನೆಟ್ಟಗೆ ಮಾಡಿದರು. “ಕಾವಿಗೆ ಕಾವು ಕೊಡದಿದ್ದರೆ ಮಾತು ಕೇಳುವುದಿಲ್ಲ” ಎಂದು ನಕ್ಕರು. ಮೊಳೆ ದಾಟಿಸಿ ಬಡಿದರು. ಹಿಡಿಗೆ ಆಡಿನ ತೊಗಲು ಸುತ್ತಿದರು. ಮುಗಿದ ಮೇಲೆ ಕೊಳವೆಯ ಮೇಲುಭಾಗದಲ್ಲಿ, ಮರದ ಮೇಲೆ, ತಮ್ಮ ಉಳಿಯ ತುದಿಯಿಂದ ಮೂರು ಸಣ್ಣ ಗೆರೆಗಳನ್ನು ಎಳೆಯುವಂತೆ ನಾನೇ ಕೇಳಿಕೊಂಡೆ. ಏಕೆಂದು ಅವರು ಕೇಳಲಿಲ್ಲ.

ದಿಂಡಿಗದ ಈ ಕೋಲು ಹಿಕರಿಗಿಂತ ಸ್ವಲ್ಪ ತೂಕ. ನಿವೃತ್ತನಾದ ಮೇಲೆ, ರಾಗಿ ಕೊಯ್ದ ಹೊಲದಲ್ಲಿ ನಾಲ್ಕು ಕುಳಿ ತೋಡಿ, ಹಳೆಯ ಚೆಂಡುಗಳನ್ನು ಹೊಂದಿಸಿಕೊಂಡು ನಾನೂ ನನ್ನಿಬ್ಬರು ಮೊಮ್ಮಕ್ಕಳೂ ಆಡುತ್ತೇವೆ. ಮರದ ಕೋಲು ಕಲಿಸುವ ಮೊದಲ ಪಾಠ ತಾಳ್ಮೆ. ಉಕ್ಕಿಗಿಂತ ಮರವು ಹೆಚ್ಚಾಗಿ ತಿರುಚಿಕೊಳ್ಳುತ್ತದೆ. ಅವಸರದಿಂದ ಬೀಸಿದರೆ ಕೈ ಮುಂದೆ ಹೋಗಿ ಕಬ್ಬಿಣ ಹಿಂದುಳಿಯುತ್ತದೆ, ಚೆಂಡು ಬಲಕ್ಕೆ ಓಡಿಹೋಗುತ್ತದೆ. ಎತ್ತಿದ ಕೋಲು ಮೇಲೆ ಒಂದು ಕ್ಷಣ ನಿಂತು, ತನ್ನ ತೂಕದಿಂದ ತಾನೇ ಇಳಿಯುವಂತೆ ಬಿಟ್ಟರೆ, ಚೆಂಡು ಹೋದುದೇ ಕೈಗೆ ತಿಳಿಯುವುದಿಲ್ಲ. ಸರಿಯಾಗಿ ತಗುಲದಿದ್ದರೆ ಆ ಸುದ್ದಿ ಮಾತ್ರ ಮೊಣಕೈವರೆಗೆ ಬರುತ್ತದೆ. ಎಲ್ಲಿ ತಗುಲಿತು, ತುದಿಗೋ ಬುಡಕ್ಕೋ ಎಂಬುದನ್ನು ಮರವು ಮುಚ್ಚಿಡದೆ ಹೇಳುತ್ತದೆ. ಹುಡುಗರ ಬೆನ್ನಮೇಲೆ ಒಂದೂ ಚೀಲವಿಲ್ಲ. ತಾವು ಹೊಡೆದುದನ್ನು ತಾವೇ ಹುಡುಕಿ ತರುತ್ತಾರೆ.

ಈಗ ಹೊರದೇಶಗಳಲ್ಲಿ ಹಿಕರಿಯ ಕೋಲಿನಿಂದಲೇ ಆಡುವವರ ಸಂಘಗಳಿವೆ. 2005ರಿಂದ ಸ್ಕಾಟ್ಲೆಂಡಿನಲ್ಲಿ ವಿಶ್ವ ಹಿಕರಿ ಓಪನ್ ಎಂಬ ಪಂದ್ಯವೂ ನಡೆದುಬಂದಿದೆ. ನಿಜವಾದ ಹಳೆಯ ಕೋಲುಗಳು ಸಾಲದೆ, ಹಳೆಯ ಮಾದರಿಯಲ್ಲಿ ಹೊಸ ಕೋಲುಗಳನ್ನು ಮಾಡುವ ಕುಶಲಕರ್ಮಿಗಳು ಮತ್ತೆ ಹುಟ್ಟಿಕೊಂಡಿದ್ದಾರೆ. ಇಂಥ ಹೊಸ “ಹಳೆಯ” ವಸ್ತು ಸಾಚಾ ಹೌದೋ ಅಲ್ಲವೋ ಎಂಬ ಚರ್ಚೆ ಅವರಲ್ಲಿದೆ. ನನ್ನ ಮಟ್ಟಿಗೆ ಉತ್ತರ ಕಠಿನವಲ್ಲ. ಹೊಗೆ ಹಿಡಿಸಿ ತುಕ್ಕು ಹಚ್ಚಿ ನೂರು ವರ್ಷದ್ದೆಂದು ಮಾರಿದರೆ ಅದು ಮೋಸ. ಹಳೆಯ ಕ್ರಮವನ್ನು ಕೈಯಾರೆ ಕಲಿತು, ಇಂದಿನ ಮರದಿಂದ ಮಾಡಿ, ಇಂದು ಮಾಡಿದ್ದೆಂದು ಹೇಳಿ ಬಳಸಿದರೆ ಅದು ಪರಂಪರೆ. ಗರಡಿಯ ಗದೆ ಭೀಮನದಲ್ಲವೆಂದು ಯಾರೂ ಅದನ್ನು ಸುಳ್ಳೆನ್ನುವುದಿಲ್ಲ.

ಕಷ್ಟವಾದ ಪ್ರಶ್ನೆ ಬೇರೆಯಿದೆ. ಹಳೆಯದಕ್ಕೆ ಮರಳುವುದು ಯಾರ ಸುಖ? ಉಕ್ಕನ್ನು ಕೊಳ್ಳಬಲ್ಲವನು ಮರವನ್ನು ಆರಿಸಿಕೊಂಡರೆ ಅದು ರಸಿಕತೆ; ಬಾಗಿದ ಕೊಂಬೆಯಲ್ಲದೆ ಬೇರೆ ಗತಿಯಿಲ್ಲದವನು ಅದರಿಂದ ಆಡಿದರೆ ಅದಕ್ಕೆ ಆ ಹೆಸರಿಲ್ಲ. ಹಿಕರಿಯ ಯುಗವನ್ನು ಬಣ್ಣಿಸುವ ಚಿತ್ರಗಳಲ್ಲಿ ಕೋಟು ತೊಟ್ಟ ಆಟಗಾರರ ಹಿಂದೆ, ಚೀಲ ಹೊತ್ತು ನಿಂತ ಒಬ್ಬ ಹುಡುಗನಿರುತ್ತಾನೆ. ಅವನ ಹೆಸರು ಚಿತ್ರದ ಕೆಳಗೆ ಇರುವುದು ಅಪರೂಪ. ಅಪವಾದವೂ ಉಂಟು. 1913ರಲ್ಲಿ ಅಮೆರಿಕದ ಓಪನ್ ಪಂದ್ಯದಲ್ಲಿ ಇಂಗ್ಲೆಂಡಿನ ಕಡೆಯ ಮಹಾಮಹಿಮರಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಇಬ್ಬರನ್ನೂ ಸೋಲಿಸಿದ ಫ್ರಾನ್ಸಿಸ್ ವಿಮೆಟ್ ಇಪ್ಪತ್ತು ವರ್ಷದ ಯುವಕ, ತಾನೇ ಒಂದು ಕಾಲಕ್ಕೆ ಅದೇ ಬಯಲಿನಲ್ಲಿ ಕೋಲು ಹೊತ್ತವನು. ಅಂದು ಅವನ ಚೀಲ ಹೊತ್ತ ಎಡ್ಡಿ ಲೌರಿಗೆ ಹತ್ತೇ ವರ್ಷ. ಅವರಿಬ್ಬರೂ ಜೊತೆಯಾಗಿ ನಡೆಯುವ ಚಿತ್ರ ಲೋಕಪ್ರಸಿದ್ಧವಾಗಿದೆ. ಆ ಹುಡುಗನ ಹೆಸರು ಇತಿಹಾಸದಲ್ಲಿ ಉಳಿದಿದೆ. ಅಪ್ಪನಿಗೆ ಆ ಚಿತ್ರವನ್ನು ಅವರ ಕೊನೆಯ ವರ್ಷಗಳಲ್ಲಿ ತೋರಿಸಿದ್ದೆ. ಅವರು ಆಟಗಾರನನ್ನು ನೋಡಲಿಲ್ಲ. “ಚೀಲ ಆ ಹುಡುಗನಿಗಿಂತ ಉದ್ದ ಇದೆ” ಎಂದರು.

ಹಳೆಯ ಕೋಲನ್ನು ಮತ್ತೆ ಮಾಡುವವರು ಅದರ ಬಾಗನ್ನೂ ತೂಕವನ್ನೂ ಕಲಿತರೆ ಸಾಲದು, ಅದನ್ನು ಕೆತ್ತಿದವನನ್ನೂ ಹೊತ್ತವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನನಗೆ ತೋರುತ್ತದೆ. ಆಗ ಹಳೆಯದು ಬರಿಯ ಅಲಂಕಾರವಾಗದೆ ವಿದ್ಯೆಯಾಗುತ್ತದೆ. ನನ್ನ ಮೊಮ್ಮಕ್ಕಳಿಗೆ ಮ್ಯಾಶಿಯೊಂದೇ ಸಾಲದಾಗಿದೆ; ಹತ್ತಿರ ಹೊಡೆಯಲು ಒಂದು, ಕುಳಿಗೆ ತಳ್ಳಲು ಒಂದು ಬೇಕಂತೆ. ಕಬ್ಬಿಣವನ್ನು ಊರ ಕಮ್ಮಾರನೇ ಬಡಿದುಕೊಡಲು ಒಪ್ಪಿದ್ದಾನೆ. ಹೋದ ವರ್ಷದ ಗಾಳಿಗೆ ಹೊಲದ ಬದುವಿನಲ್ಲಿ ಉರುಳಿದ ದಿಂಡಿಗವೊಂದರ ಮೂರು ಸೀಳುಗಳು ಈಗ ಆಚಾರ್ರ ಅಟ್ಟದ ಮೇಲೆ ಒಣಗುತ್ತಿವೆ. ಇನ್ನೂ ಎರಡು ಬೇಸಗೆ ಕಾಯಬೇಕೆಂದು ಅವರು ಹೇಳಿದ್ದಾರೆ. ಕಾಯುತ್ತೇವೆ.